ಅಂಗಳದಲ್ಲಿ ನಿಂತೇ ಇರುವ ಕಾರು

ಬೈಂದೂರು, ಕುಂದಾಪುರ, ಬ್ರಹ್ಮಾವರದ ಅನೇಕ ಮನೆಗಳಲ್ಲಿ ಕಾರು ಅಂಗಳದಲ್ಲಿದೆ, ಓಡಿಸುವವರು ಗಲ್ಫಿನಲ್ಲಿದ್ದಾರೆ. ಅವರು ರಜೆಯಲ್ಲಿ ಬಂದಾಗ ಮಾತ್ರ ಅದಕ್ಕೆ ಕೆಲಸ. ಆದರೆ ನಡುರಾತ್ರಿ ಮಗುವಿಗೆ ಜ್ವರ ನೆತ್ತಿಗೇರಿದರೆ ನೆರೆಮನೆಯ ಹುಡುಗನನ್ನು ಎಬ್ಬಿಸಿ ಮಣಿಪಾಲಕ್ಕೆ ಹೊರಡಬೇಕಾದುದು ಅದೇ ಕಾರಿನಲ್ಲಿ. ಆಗ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು ಬಂದರೆ?

ಸಹೋದರಿಯರೇ, ನಿಂತ ಕಾರಿನ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು. ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲಿ. ಸ್ಟಾರ್ಟ್ ಆಗಲು ಎಳೆದಾಡುವುದು, ಹೆಡ್‌ಲೈಟ್ ಮಂಕಾಗುವುದು ಬ್ಯಾಟರಿ ಸೋಲುತ್ತಿರುವ ಲಕ್ಷಣ. ನಮ್ಮ ಕಡಲ ಉಪ್ಪುಗಾಳಿಗೆ ತುಕ್ಕೂ ಬೇಗ. ಮಳೆಗಾಲದಲ್ಲಿ ಬಾನೆಟ್ ಎತ್ತಿ ನೋಡಿ, ಇಲಿಗಳು ಒಳಗೆ ಸೇರಿ ವಯರು ಕಡಿಯುತ್ತವೆ.

ಟಯರಿನ ಗಾಳಿ ನಿಂತಲ್ಲೇ ಇಳಿಯುತ್ತದೆ, ಡಿಕ್ಕಿಯಲ್ಲಿರುವ ಸ್ಟೆಪ್ನಿಯದ್ದೂ ಕೂಡ. ಅದನ್ನು ನೋಡುವವರೇ ಇಲ್ಲ! ಟಯರಿನ ಬದಿಯಲ್ಲಿ ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ದಾರಿಯಲ್ಲಿ ಆಯಿಲ್‌ನ ಕೆಂಪು ದೀಪ ಉರಿದರೆ, ಇಂಜಿನ್ ಬಿಸಿಯ ಮುಳ್ಳು ಏರಿದರೆ ‘ಇನ್ನೇನು ಬಂದೇಬಿಟ್ಟಿತು’ ಎಂದು ಮುಂದೆ ಹೋಗಲು ಬಿಡಬೇಡಿ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿಸಿ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಲೇಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಅಂಥಲ್ಲಿ ರಾತ್ರಿ ಕೆಟ್ಟು ನಿಂತರೆ ಟಾರ್ಚ್, ಹಿಂದೆ ಇಡುವ ಕೆಂಪು ತ್ರಿಕೋನ, ಕುಡಿಯುವ ನೀರು ಬೇಕು. ಹೆದ್ದಾರಿಯ ಸಹಾಯಕ್ಕೆ 1033, ಆಂಬುಲೆನ್ಸಿಗೆ 108. ರೋಗಿ ಗಂಭೀರವಾಗಿದ್ದರೆ ಮೊದಲು 108ಕ್ಕೇ ಫೋನ್ ಮಾಡಿ. ಊರಿನ ಮೆಕ್ಯಾನಿಕನ ನಂಬರು ಸಾಮಾನ್ಯವಾಗಿ ಯಜಮಾನರ ಮೊಬೈಲಿನಲ್ಲಿ ಮಾತ್ರ ಇರುತ್ತದೆ. ಇವತ್ತೇ ಕೇಳಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.