ನಿಮಗಿದು ಗೊತ್ತೆ? ಬ್ರೇಕ್ ಒತ್ತಿದರೆ ಜೀಪ್ ನಡುಗುವುದೇಕೆ

ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆಯೆ? ‘ಡಿಸ್ಕ್ ಬೆಂಡಾಗಿದೆ ಸಾರ್’ ಎಂಬುದು ಗ್ಯಾರೇಜಿನ ಸಿದ್ಧ ಉತ್ತರ. ಆದರೆ ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಅದರ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದೇ ಹೆಚ್ಚಿನ ಸಲ ಕಾರಣ. 0.02 ಮಿ.ಮೀ., ಅಂದರೆ ತಲೆಗೂದಲಿಗಿಂತ ತೆಳುವಾದ ವ್ಯತ್ಯಾಸವೂ ಕೈಗೆ ತಿಳಿಯುತ್ತದೆ! ಹಬ್ ಮೇಲಿನ ತುಕ್ಕು ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದು ಓರೆಯಾಗಿ ತಿರುಗಿ, ಕ್ರಮೇಣ ನಡುಕ ಮರಳುತ್ತದೆ.

ಸವೆದ ಬುಷ್, ಸಡಿಲ ಬೇರಿಂಗ್ ಇದ್ದರಂತೂ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಪತ್ತೆಹಚ್ಚಲು ಒಂದು ಹಳೆಯ ಉಪಾಯವಿದೆ. ಮುಂದಿನ ಚಕ್ರವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು (ಇದನ್ನು ಮರೆಯಲೇಬಾರದು), ಟೈರಿನ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಪ್ಲೇ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್ ಸಡಿಲ. ಹಾಗೆಯೇ ಉಳಿದರೆ ಕಿಂಗ್‌ಪಿನ್ ಇಲ್ಲವೆ ಬಾಲ್ ಜಾಯಿಂಟ್ ಸವೆದಿದೆ. ಎಡಬಲ ಹಿಡಿದಾಗ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ ನೋಡಿಸಿ.

ಜಿಮ್ನಿಯಂತೆ ಮುಂದೆಯೂ ಇಡಿಯ ಆಕ್ಸಲ್ ಇರುವ ಗಾಡಿಗಳಲ್ಲಿ ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್. ಬ್ರೇಕ್ ಮುಟ್ಟದೆಯೂ, ಗುಂಡಿ ಹಾರಿದೊಡನೆ ಸ್ಟೇರಿಂಗ್ ಒದರತೊಡಗಿದರೆ ಡಿಸ್ಕ್ ಬಿಡಿ, ಮೊದಲು ಆ ರಾಡ್‌ನ ಬುಷ್ ನೋಡಿಸಿ.