ಬಾಗಲಾರದ ಬೆನ್ನು

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮದುವೆಯ ಚಪ್ಪರದ ಕೆಳಗೆ, ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದ ಗಡಿಬಿಡಿಯ ನಡುವೆ, ಕಂಬಕ್ಕೆ ಒರಗಿ ಒಬ್ಬರೇ ನಿಂತಿದ್ದ ವೃದ್ಧರೊಬ್ಬರ ಚಿತ್ರ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನಿಂದ ಯಾರೋ ‘ಅಜ್ಜಾ’ ಎಂದು ಕೂಗಿದಾಗ ಅವರು ಕತ್ತನ್ನು ಹೊರಳಿಸಲಿಲ್ಲ; ಎರಡು ಪಾದಗಳನ್ನೂ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎತ್ತಿಟ್ಟು, ಇಡಿಯ ಮೈಯನ್ನೇ ತಿರುಗಿಸಿಕೊಂಡು ಕರೆದವನ ಮುಖ ನೋಡಿದರು. ಕತ್ತು, ಬೆನ್ನು, ಸೊಂಟಗಳು ಸೇರಿ ಒಂದೇ ಹಲಗೆಯಾಗಿಬಿಟ್ಟಿದ್ದುವು. ನೆಲದ ಮೇಲೆ ಚಕ್ಕಂಬಟ್ಲೆ ಹಾಕಿ ಕೂರುವುದು ಅವರಿಂದಾಗದು. ಆದುದರಿಂದ ಪಂಕ್ತಿಯಲ್ಲಿ ಅವರಿಗೆ ಎಲೆಯೂ ಇರಲಿಲ್ಲ. ಕರೆದವರಿಗೆಲ್ಲ ‘ಹಸಿವಿಲ್ಲಪ್ಪ, ನೀವು ಕೂತ್ಕಳಿ’ ಎನ್ನುತ್ತಿದ್ದರು. ಮೂರು ವರ್ಷಗಳಿಂದ ಅವರು ಮದುವೆ, ತಿಥಿ, ಜಾತ್ರೆ ಯಾವುದಕ್ಕೂ ಹೋಗುತ್ತಿರಲಿಲ್ಲವೆಂದೂ, ಇದು ಮೊಮ್ಮಗಳ ಮದುವೆಯಾದ್ದರಿಂದಲೇ ಬಂದರೆಂದೂ ಅವರ ಮಗ ಆಮೇಲೆ ಹೇಳಿದ.

ಆ ಬೆನ್ನನ್ನು ಹಾಗೆ ಮಾಡಿದ್ದು ನೀರು. ಚಿತ್ರದುರ್ಗ ಜಿಲ್ಲೆ ಮಳೆನೆರಳಿನ ಸೀಮೆ. ಕೆರೆ ಬತ್ತಿದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಕೊಳವೆಬಾವಿ ಎಂದು ಜನ ನೆಲದೊಳಕ್ಕೆ ಇಳಿಯುತ್ತ ಹೋದಂತೆ, ಯುಗಯುಗಾಂತರಗಳಿಂದ ಬಂಡೆಯ ಬಿರುಕುಗಳಲ್ಲಿ ನಿಂತಿದ್ದ ನೀರು ಮೇಲೆ ಬಂದಿತು. ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿರತಕ್ಕ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಖನಿಜಗಳು ಈ ನಿಂತ ನೀರಿನಲ್ಲಿ ಮೆಲ್ಲಮೆಲ್ಲನೆ ಕರಗಿ ಫ್ಲೋರೈಡನ್ನು ಬಿಟ್ಟುಕೊಡುತ್ತವೆ. ನೀರಿನಲ್ಲಿ ಸುಣ್ಣಾಂಶ ಕಡಮೆಯಾಗಿ ಸೋಡಾದ ಅಂಶ ಹೆಚ್ಚಾದಷ್ಟೂ ಅದು ಹೆಚ್ಚು ಕರಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಾದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಸಾಂದ್ರವಾಗುತ್ತದೆ. ಇಂಥ ನೀರಿನಿಂದ ಬರುವ ರೋಗವನ್ನು ಭಾರತದಲ್ಲಿ ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ.

ದೇಹದೊಳಗೆ ನಡೆಯತಕ್ಕ ವ್ಯಾಪಾರ ಕುತೂಹಲಕರವಾದುದು. ನಮ್ಮ ಮೂಳೆಗೆ ಗಟ್ಟಿತನ ಕೊಡುವ ಖನಿಜದ ಹರಳುಗಳಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನುಗಳಿಗೆ ಒಂದು ನೆಲೆಯುಂಟು. ಗಾತ್ರದಲ್ಲಿ ಅದಕ್ಕೆ ಸರಿಸುಮಾರಾಗಿ ಹೊಂದುವ ಫ್ಲೋರೈಡು ಬಂದು ಆ ನೆಲೆಯನ್ನೇ ಆಕ್ರಮಿಸುತ್ತದೆ, ಮತ್ತು ಒಮ್ಮೆ ಕೂತದ್ದು ಸುಲಭವಾಗಿ ಏಳುವುದಿಲ್ಲ. ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಇದರಿಂದ ದಂತಕವಚದ ಮೇಲೆ ಕಂದು ಗೆರೆಗಳು ಬೀಳುತ್ತವೆ. ಬಹುಕಾಲ ಅದೇ ನೀರನ್ನು ಕುಡಿದ ವಯಸ್ಕರಲ್ಲಿ ಮೂಳೆ ತೂಕವಾಗಿಯೂ ಪೆಡಸಾಗಿಯೂ ಆಗುವುದಲ್ಲದೆ, ಸಹಜವಾಗಿ ಮೆತ್ತಗಿದ್ದು ಬಾಗಬೇಕಾದ ಸಂಧಿಬಂಧನಗಳಲ್ಲಿಯೂ ಸುಣ್ಣ ಕಟ್ಟಿಕೊಂಡು ಕೀಲುಗಳು ಬೆಸೆದುಹೋಗುತ್ತವೆ. ಬಿಸಿಲಿನಲ್ಲಿ ದುಡಿಯುವ ಕೂಲಿಯವನು ಹೆಚ್ಚು ನೀರು ಕುಡಿಯುತ್ತಾನಾಗಿ ಹೆಚ್ಚು ವಿಷವನ್ನೂ ಕುಡಿಯುತ್ತಾನೆ. ಈ ರೋಗವನ್ನು ಪತ್ತೆಮಾಡಲು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ಮೂರು ಸರಳ ಚಲನೆಗಳನ್ನು ಮಾಡಿಸುತ್ತಾರೆ: ಮೊಣಕಾಲು ಬಗ್ಗಿಸದೆ ಕಾಲ್ಬೆರಳು ಮುಟ್ಟಬೇಕು, ಗದ್ದವನ್ನು ಎದೆಗೆ ತಾಗಿಸಬೇಕು, ಎರಡು ಕೈಗಳನ್ನೂ ಚಾಚಿ ಮಡಿಸಿ ತಲೆಯ ಹಿಂಭಾಗವನ್ನು ಮುಟ್ಟಬೇಕು. ಆ ಅಜ್ಜನಿಗೆ ಮೂರರಲ್ಲಿ ಒಂದೂ ಸಾಧ್ಯವಿರಲಿಲ್ಲ. ಬೆಸೆದ ಕೀಲನ್ನು ಬಿಡಿಸುವ ಔಷಧ ಇಂದಿಗೂ ಇಲ್ಲ. ನೀರು ಬದಲಿಸಿದರೆ, ಸುಣ್ಣಾಂಶವುಳ್ಳ ಆಹಾರ ಕೊಟ್ಟರೆ, ರೋಗ ಮುಂದುವರಿಯುವುದು ತಗ್ಗುತ್ತದೆ, ಅಷ್ಟೆ.

ಹೀಗೆ ವಾಸಿಯಾಗದೆ ಮನುಷ್ಯನ ಜೊತೆಗೇ ಬಾಳತಕ್ಕ ರೋಗಗಳ ಮುಂದೆ ವೈದ್ಯಶಾಸ್ತ್ರ ತನ್ನ ಹಳೆಯ ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕಾಯಿತು. ‘ಗುಣವಾಯಿತೆ?’ ಎಂದು ಕೇಳುವುದರಲ್ಲಿ ಅರ್ಥವಿಲ್ಲದ ಕಡೆ ‘ಹೇಗೆ ಬಾಳುತ್ತಿದ್ದೀರಿ?’ ಎಂದು ಕೇಳಬೇಕು. ಆ ಉತ್ತರವನ್ನು ವೈದ್ಯನಲ್ಲ, ರೋಗಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ದೆಹಲಿ ಮತ್ತು ಮದರಾಸುಗಳೂ ಸೇರಿದಂತೆ ಜಗತ್ತಿನ ಹಲವು ಕೇಂದ್ರಗಳಲ್ಲಿ ಏಕಕಾಲಕ್ಕೆ ಜನರನ್ನು ವಿಚಾರಿಸಿ, ಜೀವನದ ಗುಣಮಟ್ಟವನ್ನು ಅಳೆಯಲು ಮೊದಲು 100 ಪ್ರಶ್ನೆಗಳ, ಅನಂತರ ಅದನ್ನೇ ಸಂಕ್ಷೇಪಿಸಿ 26 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿತು. ದೇಹ, ಮನಸ್ಸು, ಜನರೊಡನೆ ಸಂಬಂಧ, ಸುತ್ತಣ ಪರಿಸರ ಎಂಬ ನಾಲ್ಕು ನೆಲೆಗಳಲ್ಲಿ ಆ ಪ್ರಶ್ನೆಗಳು ಹರಡಿಕೊಂಡಿವೆ: ನಿದ್ರೆ ತೃಪ್ತಿಕರವಾಗಿದೆಯೆ, ಬಾಳಿಗೆ ಅರ್ಥವುಂಟೆಂದು ತೋರುತ್ತದೆಯೆ, ಸ್ನೇಹಿತರ ಆಸರೆ ಹೇಗಿದೆ, ಓಡಾಡಲು ವಾಹನದ ಅನುಕೂಲವುಂಟೆ. ಒಂದು ಕ್ಷ-ಕಿರಣ ಚಿತ್ರ ಆ ಅಜ್ಜನ ಬೆನ್ನುಮೂಳೆಯನ್ನು ತೋರಿಸೀತು. ಪಂಕ್ತಿಯಲ್ಲಿ ಇಲ್ಲದ ಎಲೆಯನ್ನು ತೋರಿಸಲಾರದು. ನನಗಾದರೋ ಆ ಎಲೆಯೇ ರೋಗದ ಮುಖ್ಯ ಲಕ್ಷಣವೆಂದು ತೋರಿತು.

ಹೊಸದುರ್ಗ, ಹೊಳಲ್ಕೆರೆಗಳ ಅಡಿಕೆ ತೆಂಗಿನ ತೋಟಗಳ ಕಡೆಗೆ ಹೋದರೆ ಜನರ ಬಾಯಲ್ಲಿ ಇಂಥವೇ ಜೊತೆಗೆ ಬಾಳುವ ರೋಗಗಳ ಜೋಡಿಪದವೊಂದು ಕೇಳಿಬರುತ್ತದೆ: ಬೀಪಿ-ಶುಗರ್. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ತಿಂಗಳ ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಡುವ ಹೆಂಗಸಿನ ರಕ್ತದಲ್ಲಿ ಸಕ್ಕರೆ ಎಷ್ಟೆಂಬುದು ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಆಕೆ ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಾಗಿ ಮಾಡಿನ ಕಡೆ ನೋಡುತ್ತ ಮಲಗಿರುತ್ತಾಳೆಂಬುದು ಎಲ್ಲಿಯೂ ಬರೆಯಲ್ಪಡುವುದಿಲ್ಲ. ಮಧುಮೇಹವುಳ್ಳವರಲ್ಲಿ ಖಿನ್ನತೆ ಇತರರಲ್ಲಿರುವುದಕ್ಕಿಂತ ಸುಮಾರು ಇಮ್ಮಡಿಯೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 2001ರಷ್ಟು ಹಿಂದೆಯೇ ತೋರಿಸಿದ್ದಾರೆ. ಸಂಬಂಧ ಎರಡು ಕಡೆಯಿಂದಲೂ ನಡೆಯುತ್ತದೆ. ಕುಗ್ಗಿದ ಮನಸ್ಸಿನವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅನೇಕ ವೇಳೆ ಏರಿರುತ್ತದೆ, ಅದರಿಂದ ಸಕ್ಕರೆಯೂ ಏರುತ್ತದೆ. ಮಾತ್ರೆ ನುಂಗುವ, ನಡೆದಾಡುವ, ಹೊತ್ತಿಗೆ ಸರಿಯಾಗಿ ಉಣ್ಣುವ ಉತ್ಸಾಹವೇ ಹೋಗಿ ರೋಗ ಬಲಿಯುತ್ತದೆ. ಬಲಿತ ರೋಗ ಮತ್ತೆ ಮನಸ್ಸನ್ನು ಕುಗ್ಗಿಸುತ್ತದೆ.

ನೋವಿನ ವಿಷಯದಲ್ಲಿ ಈ ಸಂಬಂಧ ಇನ್ನೂ ಹತ್ತಿರದ್ದು. ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ಕೆಲವು ನರಮಾರ್ಗಗಳು ಮೇಲಕ್ಕೆ ಬರುವ ನೋವಿನ ಸಂದೇಶವನ್ನು ಹಿಡಿತದಲ್ಲಿಟ್ಟಿರುತ್ತವೆ; ಅವು ಬಳಸತಕ್ಕ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳೇ ಮನೋಭಾವದ ನಿಯಂತ್ರಣದಲ್ಲಿಯೂ ಪಾಲ್ಗೊಳ್ಳುತ್ತವೆ. ಖಿನ್ನತೆಗೆಂದು ಕೊಡುವ ಕೆಲವು ಮಾತ್ರೆಗಳು ಸಣ್ಣ ಪ್ರಮಾಣದಲ್ಲಿ ದೀರ್ಘಕಾಲದ ನೋವನ್ನೂ ತಗ್ಗಿಸುವುದು ಈ ಕಾರಣದಿಂದಲೇ. ‘ನೋವೆಲ್ಲ ನಿನ್ನ ಮನಸ್ಸಿನಲ್ಲಿದೆ’ ಎಂದು ರೋಗಿಯನ್ನು ಗದರಿಸುವವರು ಈ ಶರೀರಶಾಸ್ತ್ರವನ್ನು ತಿಳಿದಿದ್ದರೆ ಹಾಗೆ ಗದರಿಸಲಾರರು.

ಆದರೆ ಖಿನ್ನತೆಯೆಂಬ ಪದವನ್ನು ಹಳ್ಳಿಯಲ್ಲಿ ಯಾರೂ ಆಡುವುದಿಲ್ಲ. ‘ಮೈಯೆಲ್ಲ ಭಾರ’, ‘ಕೈಕಾಲು ಸೇದ್ತವೆ’, ‘ನಿದ್ದೆ ಹತ್ತಲ್ಲ’, ‘ಯಾಕೋ ಏನೂ ಬ್ಯಾಡ ಅನ್ನಿಸ್ತೈತೆ’ ಎನ್ನುತ್ತಾರೆ. ಮನೆಯವರು ‘ಯೋಚ್ನೆ ಮಾಡಬ್ಯಾಡ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ ಆ ಮಾತು ಎದುರಿನವರ ಬಾಯಿ ಮುಚ್ಚಿಸುತ್ತದೆ. ಕಳೆದ ಎರಡು ವಾರಗಳ ಅನುಭವದ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ 27ರವರೆಗೆ ಅಂಕ ಹಾಕುವ ಪಟ್ಟಿಯೊಂದು ಈಗ ಲೋಕದಲ್ಲೆಲ್ಲ ಬಳಕೆಯಲ್ಲಿದೆ. 10 ಅಥವಾ ಹೆಚ್ಚು ಬಂದರೆ ಗಮನ ಕೊಡಬೇಕೆನ್ನುತ್ತಾರೆ. ಆಯಾಸ, ನಿದ್ರಾಹೀನತೆಗಳು ಮೈಯ ರೋಗದಿಂದಲೂ ಬರುವುದರಿಂದ, ಮೊದಲಿನ ಎರಡು ಪ್ರಶ್ನೆಗಳೇ, ಎಂದರೆ ಮೊದಲು ಇಷ್ಟವಾಗಿದ್ದುದು ಈಗ ಬೇಡವಾಗಿದೆಯೆ, ಮನಸ್ಸು ಕುಗ್ಗಿದೆಯೆ ಎಂಬುವು, ದೀರ್ಘರೋಗಿಗಳಲ್ಲಿ ಹೆಚ್ಚು ಬೆಲೆಯುಳ್ಳವು. ಇವೆರಡನ್ನು ಕೇಳಲು ಯಂತ್ರ ಬೇಡ, ಅರ್ಧ ನಿಮಿಷ ಸಾಕು.

ಕೇಳಲು ಮನೋವೈದ್ಯನೇ ಬೇಕೆಂದಿಲ್ಲ ಎಂಬುದನ್ನು ಕನ್ನಡನಾಡೇ ದೇಶಕ್ಕೆ ತೋರಿಸಿಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಕೊಂಡೊಯ್ದರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. 2022ರ ಅಕ್ಟೋಬರ್ 10ರಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದಾಗಿದೆ. ಇಷ್ಟಿದ್ದೂ ಬೀಪಿ-ಶುಗರಿನ ಸಾಲು ಒಂದು ಬಾಗಿಲಲ್ಲಿ, ಮನಸ್ಸಿನ ಚಿಕಿತ್ಸೆ ಇನ್ನೊಂದು ಬಾಗಿಲಲ್ಲಿ ನಿಲ್ಲುವುದೂ, ಎರಡನೆಯ ಬಾಗಿಲಿಗೆ ಹೋಗುವವನನ್ನು ಊರು ಬೇರೆ ಕಣ್ಣಿನಿಂದ ನೋಡುವುದೂ ನನಗೆ ದುಃಖ ತರುತ್ತದೆ. ಸಕ್ಕರೆ ಬರೆಯುವ ಆ ಪುಸ್ತಕದಲ್ಲಿಯೇ ಇನ್ನೊಂದು ಗೆರೆ ಎಳೆದರೆ ಆಗದೆ?

ಮನಸ್ಸಿನ ವಿಷಯದಲ್ಲಿ ಲೆಕ್ಕ ತಪ್ಪುವ ಸಂದರ್ಭಗಳೂ ಉಂಟು. 1999ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ತೀವ್ರ ಅಂಗವೈಕಲ್ಯವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಬಾಳು ಚೆನ್ನಾಗಿದೆಯೆಂದೇ ಹೇಳಿದರು. ನೋಡುವವರು ಅವರ ಬಗ್ಗೆ ಊಹಿಸಿದ್ದು ತಪ್ಪಾಗಿತ್ತು. ಬಾಳಿಗೆ ಒಂದು ಉದ್ದೇಶವೂ ತಮ್ಮವರೊಡನೆ ಒಂದು ಸ್ಥಾನವೂ ಉಳಿದವರು ಹಾಗೆ ಹೇಳಿದರು. ನೋವು, ದಣಿವುಗಳು ಹತೋಟಿ ತಪ್ಪಿದವರು ಹಾಗೆ ಹೇಳಲಿಲ್ಲ.

ಇದನ್ನು ಓದಿದ ಮೇಲೆ ನಾನು ಆ ಅಜ್ಜನನ್ನು ಕಾಣಲು ಮತ್ತೆ ಹೋದೆ. ಜಗಲಿಯ ಮೇಲೆ, ಮಗ ಮಾಡಿಸಿದ ಎತ್ತರದ ಮಣೆಯಲ್ಲಿ ಕುಳಿತಿದ್ದರು. ಮನೆಗೆ ಈಗ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ಬರುತ್ತಿತ್ತು. ‘ಏನು ಆಸೆ ಇದೆ?’ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, ಮಾರಿಕಣಿವೆಯ ಜಲಾಶಯ ಕೋಡಿ ಬೀಳುವುದನ್ನು ನೋಡಬೇಕೆಂದರು. 1907ರಲ್ಲಿ ವೇದಾವತಿ ನದಿಗೆ ಕಟ್ಟಿ ಮುಗಿಸಿದ ಆ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಹರಿದದ್ದನ್ನು ಅವರ ತಂದೆ ಕಂಡಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಅದು ಮತ್ತೆ ಕೋಡಿ ಬಿತ್ತು. ಜನಸಾಗರದ ನಡುವೆ ಮಗ ಅವರನ್ನು ಆಟೋದಲ್ಲಿ ಕರೆದೊಯ್ದ, ನಾನೂ ಜೊತೆಗಿದ್ದೆ. ಕಾಲ ಬಳಿಯೇ ಹರಿಯುತ್ತಿದ್ದ ನೀರನ್ನು ಮುಟ್ಟಲು ಅವರಿಗೆ ಬಾಗಲಾಗಲಿಲ್ಲ. ಮರಿಮೊಮ್ಮಗ ಬೊಗಸೆಯಲ್ಲಿ ನೀರು ಮೊಗೆದು, ತುದಿಗಾಲಲ್ಲಿ ನಿಂತು, ಅವರ ಅಂಗೈಗೆ ಸುರಿದ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, ‘ಇನ್ನೊಂದು ಸಲ ತಾರೋ’ ಎಂದರು.