ಮಫಿನ್ ಮತ್ತು ಕಪ್‌ಕೇಕ್: ಇವುಗಳ ಭೇದವೇನು?

ಮಫಿನ್ ಹಾಗೂ ಕಪ್‌ಕೇಕ್‌ಗಳನ್ನು ಒಂದೇ ಅಚ್ಚಿನಲ್ಲಿ ಬೇಯಿಸುತ್ತೇವಷ್ಟೆ. ಹಾಗಾದರೆ ಹೆಸರು ಎರಡೇಕೆ? ಗೃಹಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿನಿಯರು ಕೇಳುವ ಈ ಪ್ರಶ್ನೆಯು ಯುಕ್ತವಾದುದೇ ಸರಿ. ಆದರೆ ಒಂದೇ ಬಟ್ಟಲಲ್ಲಿ ಬಡಿಸಿದ ಮಾತ್ರಕ್ಕೆ ಸಾರೂ ಪಾಯಸವೂ ಒಂದಾಗಲಾರವು. ಭೇದವಿರುವುದು ಅಚ್ಚಿನಲ್ಲಲ್ಲ; ಸಾಮಗ್ರಿಗಳ ಪ್ರಮಾಣದಲ್ಲಿ, ಕಲಸುವ ಕ್ರಮದಲ್ಲಿ ಮತ್ತು ಒಲೆಯ ಶಾಖದಲ್ಲಿ.

ಮೊದಲು ಇವುಗಳ ವಂಶವನ್ನು ವಿಚಾರಿಸೋಣ. ಮಫಿನ್ ರೊಟ್ಟಿಯ ಕುಲಕ್ಕೆ ಸೇರಿದುದು. ಇಂಗ್ಲೆಂಡಿನ ಹಳೆಯ ಮಫಿನ್ ಎಂದರೆ ಯೀಸ್ಟಿನಿಂದ ಹುಳಿಯೇರಿಸಿ, ಕಾವಲಿಯ ಮೇಲೆ ಎರಡು ಮಗ್ಗುಲೂ ಬೇಯಿಸಿದ ದುಂಡನೆಯ ರೊಟ್ಟಿ. 1747ರಲ್ಲಿ ಪ್ರಕಟವಾದ ಹನ್ನಾ ಗ್ಲಾಸ್ ಎಂಬಾಕೆಯ ಪಾಕಗ್ರಂಥದಲ್ಲಿ ಇದರ ವಿಧಾನವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಬೀದಿಗಳಲ್ಲಿ ಇದನ್ನು ಗಂಟೆ ಬಾರಿಸುತ್ತ ಮಾರುತ್ತಿದ್ದರು. 1843ರಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಇಂಗ್ಲಿಷ್ ರಸಾಯನಜ್ಞನು, ಯೀಸ್ಟ್ ಒಗ್ಗದ ತನ್ನ ಪತ್ನಿಗೋಸ್ಕರ ಬೇಕಿಂಗ್ ಪೌಡರನ್ನು ಕಂಡುಹಿಡಿದನು. ಇಂಥ ಪುಡಿಗಳು ಬಳಕೆಗೆ ಬಂದ ಬಳಿಕ, ಹುಳಿಯೇರುವುದನ್ನು ಕಾಯದೆ ಬೇಗನೆ ಅಚ್ಚಿನಲ್ಲಿ ಬೇಯಿಸುವ ಅಮೇರಿಕದ ಮಫಿನ್ ರೂಢಿಗೆ ಬಂದಿತು. ಈಗ ನಮ್ಮಲ್ಲಿ ಮಫಿನ್ ಎನ್ನುವುದು ಇದನ್ನೇ.

ಕಪ್‌ಕೇಕಾದರೋ ಹುಟ್ಟಿನಿಂದಲೇ ಕೇಕ್. ಅಮೇಲಿಯಾ ಸಿಮ್ಮನ್ಸ್ ಎಂಬಾಕೆಯು 1796ರಲ್ಲಿ ಅಮೇರಿಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರವಾದ ಕೇಕಿನ ಮಾತು ಬಂದಿದೆ. 1828ರಲ್ಲಿ ಎಲೈಜಾ ಲೆಸ್ಲಿ ಎಂಬಾಕೆಯ ಪುಸ್ತಕದಲ್ಲಿ ಕಪ್‌ಕೇಕ್ ಎಂಬ ಹೆಸರೇ ದೊರೆಯುತ್ತದೆ. ಅಲ್ಲಿ ಸಾಮಗ್ರಿಗಳನ್ನು ತೂಗದೆ ಬಟ್ಟಲಿನಿಂದ ಅಳೆಯುವ ಕ್ರಮವಿದೆ.

ಇನ್ನು ಪ್ರಮಾಣ. ಸಾಧಾರಣವಾದ ಮಫಿನ್ನಿಗೆ 2 ಬಟ್ಟಲು ಮೈದಾ, 1 ಬಟ್ಟಲು ಹಾಲು, 1 ಮೊಟ್ಟೆ, ಕಾಲು ಬಟ್ಟಲು ಎಣ್ಣೆ ಅಥವಾ ಕರಗಿದ ಬೆಣ್ಣೆ, ಕಾಲು ಬಟ್ಟಲು ಸಕ್ಕರೆ ಸಾಕು. ಕೇಕಿನ ಹಳೆಯ ಅಳತೆಯು 1, 2, 3, 4 ಎಂಬ ಎಣಿಕೆಯಲ್ಲಿದೆ: 1 ಬಟ್ಟಲು ಬೆಣ್ಣೆ, 2 ಸಕ್ಕರೆ, 3 ಮೈದಾ, 4 ಮೊಟ್ಟೆ. ಹಿಟ್ಟಿಗೆ ಹಿಟ್ಟು ಸರಿಹೋಲಿಸಿದರೆ ಕೇಕಿನಲ್ಲಿ ಸಕ್ಕರೆಯು ಮಫಿನ್ನಿಗಿಂತ ಐದು ಪಾಲಿಗೂ ಹೆಚ್ಚು. ಜಿಡ್ಡು ಎರಡೂವರೆ ಪಾಲಿಗಿಂತ ಅಧಿಕ.

ಕಲಸುವ ಕ್ರಮವು ಈ ಪ್ರಮಾಣದಿಂದಲೇ ನಿರ್ಣಯವಾಗುವುದು. ಗೋದಿಯ ಹಿಟ್ಟಿಗೆ ನೀರು ಸೋಕಿ ಕೈಯಾಡಿದರೆ ಗ್ಲೂಟೆನ್ ಎಂಬ ಅಂಟು ಬಲಿಯುತ್ತದೆ. ಸಕ್ಕರೆಯೂ ಜಿಡ್ಡೂ ಅದನ್ನು ತಡೆಯುತ್ತವೆ. ಮಫಿನ್ನಿನಲ್ಲಿ ಅವೆರಡೂ ಕಡಿಮೆಯಾದಕಾರಣ ಅಂಟು ಬೇಗನೆ ಬಲಿಯುವುದು. ಆದಕಾರಣ ಒಣ ಸಾಮಗ್ರಿಗಳನ್ನೂ ದ್ರವಗಳನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎರಡನ್ನೂ ಕೂಡಿಸಿದ ಮೇಲೆ ಹತ್ತು ಹದಿನೈದು ಸುತ್ತು ತಿರುವಿ, ಗಂಟುಗಳು ಉಳಿದಿರುವಾಗಲೇ ನಿಲ್ಲಿಸತಕ್ಕದ್ದು. ದೋಸೆಯ ಹಿಟ್ಟಿನಂತೆ ನುಣ್ಣಗಾಗಲೆಂದು ಶ್ರಮಿಸುವ ಹುಡುಗಿಯ ಮಫಿನ್ ಗಡುಸಾಗಿ, ಕೊಯ್ದರೆ ಒಳಗೆ ಉದ್ದುದ್ದ ಸುರಂಗಗಳು ಕಾಣುವುವು.

ಕಪ್‌ಕೇಕಿಗೆ ಮೊದಲು ಬೆಣ್ಣೆಯನ್ನೂ ಸಕ್ಕರೆಯನ್ನೂ ಬೆಳ್ಳಗಾಗುವ ತನಕ ಚೆನ್ನಾಗಿ ಬಡಿಯಬೇಕು. ಸಕ್ಕರೆಯ ಹರಳುಗಳ ಮೂಲಕ ಬೆಣ್ಣೆಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಸೇರಿಕೊಳ್ಳುವುವು. ಬಳಿಕ ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ, ಬೇಕಿಂಗ್ ಪೌಡರ್ ಬೆರೆಸಿದ ಹಿಟ್ಟನ್ನೂ ಹಾಲನ್ನೂ ಒಂದಾದ ಮೇಲೊಂದರಂತೆ ಮೆಲ್ಲನೆ ಕೂಡಿಸತಕ್ಕದ್ದು. ಇಲ್ಲಿ ಶ್ರಮವೆಲ್ಲ ಹಿಟ್ಟು ಬೀಳುವುದಕ್ಕೆ ಮುಂಚೆ.

ಮಫಿನ್ನಿಗೆ ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಅದರ ನೆತ್ತಿಯು ಗುಮ್ಮಟದಂತೆ ಉಬ್ಬಿ ಬಿರಿಯುವುದು. ಕಪ್‌ಕೇಕಿಗೆ 175ರಿಂದ 180 ಸಾಕು. ಮೇಲ್ಮೈಯು ಸಮವಾಗಿದ್ದು ಐಸಿಂಗ್ ಬಳಿಯಲು ಅನುಕೂಲವಾಗುವುದು. ಮಫಿನ್ನಿಗೆ ಐಸಿಂಗ್ ಬೇಕಿಲ್ಲ. ಬಾಳೆಹಣ್ಣು, ದ್ರಾಕ್ಷಿ, ಗೋದಿಯ ತೌಡು, ಕಡೆಗೆ ಉಪ್ಪು ಮತ್ತು ಚೀಸ್ ಸಹ ಅದಕ್ಕೆ ಒಪ್ಪುತ್ತವೆ. ಅದನ್ನು ಅಂದೇ ಬಿಸಿಯಾಗಿ ತಿನ್ನುವುದು ಉತ್ತಮ. ಜಿಡ್ಡು ಸಕ್ಕರೆಗಳು ಹೆಚ್ಚಿರುವ ಕಪ್‌ಕೇಕ್ ಎರಡು ದಿನ ಮೆದುವಾಗಿಯೇ ಇರುವುದು.

ಇಷ್ಟು ಸೂಕ್ಷ್ಮವೇತಕ್ಕೆಂದು ಯಾರಾದರೂ ಕೇಳಿಯಾರು. ಈಗ ಅಂಗಡಿಗಳಲ್ಲಿ ಮಫಿನ್ ಎಂದು ಮಾರುವ ಅನೇಕ ತಿಂಡಿಗಳು ನಿಜವಾಗಿ ಐಸಿಂಗ್ ಇಲ್ಲದ ಕೇಕುಗಳೇ ಆಗಿವೆ. ಹೆಸರನ್ನು ನಂಬಿದ ತಾಯಿಯು ರೊಟ್ಟಿಯೆಂದು ಭಾವಿಸಿ ದಿನವೂ ಮಗುವಿನ ಬುತ್ತಿಯಲ್ಲಿ ಅದನ್ನಿಟ್ಟರೆ, ಹಬ್ಬದ ದಿನಕ್ಕೆ ಸಲ್ಲುವ ಸಿಹಿಯು ನಿತ್ಯದ ಆಹಾರವಾಗಿಬಿಡುವುದು. ಆದಕಾರಣ ನಮ್ಮ ವಿದ್ಯಾರ್ಥಿನಿಯರು ಪೊಟ್ಟಣದ ಮೇಲಿನ ಹೆಸರನ್ನಲ್ಲ, ಸಾಮಗ್ರಿಗಳ ಪಟ್ಟಿಯನ್ನು ಓದಲಿ; ಸಕ್ಕರೆಯ ಹೆಸರು ಎಷ್ಟು ಮೊದಲು ಬಂದಿದೆಯೆಂದು ನೋಡಲಿ. ಕೇಕನ್ನು ಕೇಕೆಂದೇ ಅರಿತು ಹುಟ್ಟುಹಬ್ಬದಲ್ಲಿ ಸಂತೋಷವಾಗಿ ತಿನ್ನಲಿ. ಮಫಿನ್ನನ್ನು ಮನೆಯಲ್ಲೇ ಮಾಡಿ, ಕೈಯನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದನ್ನು ಕಲಿಯಲಿ.